ಮೇಷ್ಟ್ರು ಹಾಕಿದ ನಕ್ಷೆ

ಎಂಬತ್ತಾರರಲ್ಲಿ ತುಮಕೂರಿನ ಒಂದು ಪುಟ್ಟ ಕಂಪನಿ ಗುಬ್ಬಿಯ ಎಣ್ಣೆ ಮಿಲ್ಲಿಗೆ ನೀರಿನ ಟ್ಯಾಂಕಿನ ಪಂಪನ್ನು ತಾನಾಗಿಯೇ ನಡೆಸುವ ಕಂಪ್ಯೂಟರ್ ಪೆಟ್ಟಿಗೆ ಮಾಡಿಕೊಡಲು ಒಪ್ಪಿಕೊಂಡಿತು. ಪ್ರೋಗ್ರಾಮಿನ ನಕ್ಷೆ ಹಾಕಿದವರು ಗಂಗಹನುಮಯ್ಯ ಮೇಷ್ಟ್ರು. ಪಾಲಿಟೆಕ್ನಿಕ್‌ನಿಂದ ರಿಟೈರಾದ ಮೇಲೆ ಕಂಪ್ಯೂಟರ್ ಕಲಿತ ಛಲಗಾರ. ಕಂಪನಿ ಓನರ್ ಚನ್ನವೀರಯ್ಯ ಮಾತ್ರ, “ಇದೊಂದು ಕೆಟ್ರೆ ಮೇಷ್ಟ್ರು ಮನೇಗೆ” ಎಂದು ಮೊದಲೇ ಅಂದಿದ್ದ.

ನಕ್ಷೆ ಪರಿಶೀಲಿಸಲು ಕೂತ ಮೂವರೂ ಮೇಷ್ಟ್ರ ಹಳೆಯ ಶಿಷ್ಯರು. ಇನ್ನೇನು ಬೇಕು, ಕಥೆ ಅಲ್ಲೇ ಮುಗಿಯಿತು ಅನ್ನಿ!

“ಏನಾದ್ರೂ ಇದ್ರೆ ಹೇಳ್ರಪ್ಪ,” ಎಂದರು ಮೇಷ್ಟ್ರು.

“ನೀವ್ ಹಾಕಿದ್ಮೇಲೆ ಇನ್ನೇನ್ ಸಾರ್,” ಎಂದು ಇಬ್ಬರು ಕಾಫಿ ಲೋಟ ಎತ್ತಿದರು.

ಮೂರನೆಯವನು ಮಹಾದೇವಯ್ಯ. ಅವನ ಕಣ್ಣು ಒಂದು ಕಡೆ ನಿಂತಿತು. ಖಾಲಿ ಟ್ಯಾಂಕು ತುಂಬಲು ಒಂದು ಗಂಟೆ. ಗಂಟೆಯಾದರೆ ಪಂಪು ಬಂದ್. ಸರಿ, ನಡುವೆ ಕರೆಂಟು ಹೋಗಿ ಬಂದರೆ? ಲೆಕ್ಕ ಮತ್ತೆ ಮೊದಲಿನಿಂದ ಶುರು. ಅರ್ಧ ತುಂಬಿದ ಟ್ಯಾಂಕಿಗೆ ಇನ್ನೊಂದು ಗಂಟೆ ನೀರು. ಕರೆಂಟು ಹೋಗದ ದಿನ ಯಾವುದಿದೆ ಗುಬ್ಬಿಯಲ್ಲಿ? ಟ್ಯಾಂಕಿನ ಕೆಳಗೆ ಬೇರೆ ಕೊಬ್ಬರಿ ಗೋಡೌನು.

ಊರ್ಡಿಗೆರೆಯಿಂದ ಓದಲು ಬಂದ ಅವನನ್ನು ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವರು ಮೇಷ್ಟ್ರು. ಅವರ ತಪ್ಪನ್ನು ನಾಲ್ಕು ಜನರ ಮುಂದೆ ಆಡುವುದುಂಟೆ? ಛೆ! ಒಬ್ಬರೇ ಇದ್ದಾಗ ಹೇಳಿದರಾಯಿತು ಎಂದು ಅವನೂ ಸಹಿ ಹಾಕಿದ.

ಸಂಜೆ ತುಮಕೂರಿನ ಸದಾಶಿವನಗರದಲ್ಲಿದ್ದ ಅವರ ಮನೆಗೆ ಹೋದ. ಮೇಷ್ಟ್ರ ಹೆಂಡತಿ ಸುಬ್ಬಲಕ್ಷ್ಮಮ್ಮ ಉಪ್ಪಿಟ್ಟು ಕೊಟ್ಟರು. “ಒಂದ್ ತಪ್ಪೂ ಸಿಗ್ಲಿಲ್ವಂತೆ ಕಣಪ್ಪ. ಅದನ್ನೇ ಹೇಳ್ಕೊಂಡ್ ಓಡಾಡ್ತಾವ್ರೆ,” ಎಂದು ನಕ್ಕರು. ಮಹಾದೇವಯ್ಯ ಉಪ್ಪಿಟ್ಟು ತಿಂದು, ಬಾಯಿ ಒರೆಸಿಕೊಂಡು ಎದ್ದು ಬಂದ.

ಪೆಟ್ಟಿಗೆ ಕೂರಿಸಿದ ವಾರದಲ್ಲೇ ಗೋಡೌನಿನ ಕೊಬ್ಬರಿ ನೆನೆದು ಮುದ್ದೆಯಾಯಿತು. ಚನ್ನವೀರಯ್ಯ ಆಡಿದಂತೆ ಮಾಡಿದ. ಮಹಾದೇವಯ್ಯ ಹೆದರಿಕೊಂಡೇ ಮೇಷ್ಟ್ರ ಮನೆಗೆ ಹೋದ.

“ನಿಂಗೆ ಗೊತ್ತಾಗಿತ್ತೇನೋ, ಮಾದೇವ?”

ಅವನು ತಲೆ ತಗ್ಗಿಸಿದ.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. “ವಯಸ್ಸಾಯ್ತು, ಎಲ್ಲೋ ತಪ್ತೀನಿ ಅಂತ ನಂಗೂ ಭಯ ಇತ್ತು ಕಣೋ,” ಎಂದರು. “ಅದಕ್ಕೇ ಓನರ್ ಹತ್ರ ಗೋಗರ್ದು ನಿನ್ನ ಆ ಮೀಟಿಂಗ್‌ಗೆ ಹಾಕ್ಸಿದ್ದು. ಕ್ಲಾಸಲ್ಲಿ ನನ್ ತಪ್ಪು ಹಿಡೀತಿದ್ದೋನು ನೀನೊಬ್ನೇ.”

ಸುಬ್ಬಲಕ್ಷ್ಮಮ್ಮ ಎಂದಿನಂತೆ ತಟ್ಟೆ ತಂದಿಟ್ಟರು. ಮಹಾದೇವಯ್ಯ ಅದನ್ನು ಮುಟ್ಟದೆ ಮೆಲ್ಲಗೆ ಪಕ್ಕಕ್ಕೆ ಸರಿಸಿದ.