ಮುಟ್ಟಿಸಿಕೊಂಡವರು ಔಟ್

ನಮ್ಮ ಪ್ರಿನ್ಸಿಪಾಲ್ ರೇವಣಸಿದ್ದಪ್ಪನವರು ಓದದೆ ಸಹಿ ಹಾಕುವುದರಲ್ಲಿ ಇಡೀ ಜೆ.ಪಿ. ನಗರಕ್ಕೇ ಹೆಸರಾದವರು. ಕಾಲೇಜಿನ ಟೈಪಿಸ್ಟ್ ಈಶ್ವರಮ್ಮನಾದ ನಾನು ಹನ್ನೊಂದು ವರ್ಷ ಅವರ ಮುಂದೆ ಕಾಗದ ಇಟ್ಟಿದ್ದೇನೆ. ಅವರ ಕಣ್ಣು ಸಹಿಯ ಜಾಗ ಬಿಟ್ಟು ಮೇಲೆ ಹೋದದ್ದನ್ನು ಕಂಡವಳಲ್ಲ.

ಎಂಬತ್ತಮೂರರಲ್ಲಿ ಬಿ.ಕಾಂ. ಎರಡನೇ ವರ್ಷದ ಸೀತಮ್ಮ ದೂರು ಕೊಟ್ಟಳು. ಕಬಡ್ಡಿ ತಂಡದ ಕ್ಯಾಪ್ಟನ್ ಚಕ್ರಪಾಣಿ ಲೈಬ್ರರಿ ಮೆಟ್ಟಿಲ ಹತ್ತಿರ ಅಡ್ಡಗಟ್ಟಿ ಸೊಂಟಕ್ಕೆ ಕೈಹಾಕಿದ, ಇದು ಎರಡನೇ ಸಲ, ಎಂದು. ತಲಘಟ್ಟಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಆ ಮನೆಯಲ್ಲಿ ಕಾಲೇಜು ಕಂಡವಳು ಅವಳೊಬ್ಬಳೇ. ಅಪ್ಪ ಗಂಗಯ್ಯನ ಕಿವಿಗೆ ಬಿದ್ದರೆ ಓದು ಅಲ್ಲಿಗೆ ಮುಗಿಯಿತು.

ಶಿಸ್ತು ಸಮಿತಿ ಕೂತಿತು. ಪ್ರಿನ್ಸಿಪಾಲರು ಅದಕ್ಕೆ ಬರುವವರಲ್ಲ, ತೀರ್ಮಾನಕ್ಕೆ ಸಹಿ ಹಾಕುವುದಷ್ಟೇ ಅವರ ಪಾಲು. ನಡಾವಳಿ ಬರೆದುಕೊಳ್ಳುವವಳು ನಾನೇ. ಚಕ್ರಪಾಣಿ ಕೈಕಟ್ಟಿ ನಿಂತು ತಪ್ಪಾಯಿತು ಅಂದ. ಪಿ.ಟಿ. ಮೇಷ್ಟ್ರು ಮಾತ್ರ ಅದು ತಪ್ಪೆಂದು ಒಪ್ಪಲಿಲ್ಲ. ಕಬಡ್ಡಿ ಆಡುವವನಿಗೆ ಎದುರು ಸಿಕ್ಕವರನ್ನು ಹಿಡಿಯುವುದು ಅಭ್ಯಾಸಬಲ ಎಂದರು. ಹಾಗಾದರೆ ಪ್ರಿನ್ಸಿಪಾಲರನ್ನು ಯಾಕೆ ಇನ್ನೂ ಹಿಡಿದಿಲ್ಲ ಎಂದು ಯಾರೂ ಕೇಳಲಿಲ್ಲ.

ಕೊನೆಗೆ ಅವನಿಗೆ ಹದಿನೈದು ದಿನ ಕ್ಲಾಸಿನಿಂದ ಸಸ್ಪೆನ್ಷನ್ ಆಯಿತು. ಅದೇ ಹದಿನೈದು ದಿನ ತಂಡ ದಾವಣಗೆರೆಯಲ್ಲಿ ಟೂರ್ನಮೆಂಟ್ ಆಡಬೇಕಿತ್ತು. ಹೇಗೂ ಅವನು ಕ್ಲಾಸಿಗೆ ಬರುವವನಲ್ಲ. ಸೀತಮ್ಮನಿಗೆ ಟಿ.ಸಿ. ತೆಗೆದುಕೊಂಡು ಬೇರೆ ಕಾಲೇಜು ನೋಡಿಕೊಳ್ಳುವಂತೆ ಸಮಿತಿಯವರು ಬುದ್ಧಿ ಹೇಳಿದರು. ಇಲ್ಲವಾದರೆ ತಂದೆಯನ್ನು ಕರೆಸಬೇಕಾಗುತ್ತದೆ ಎಂದರು.

ಅವಳು ಪಿ.ಟಿ. ಮೇಷ್ಟ್ರ ಕಡೆ ತಿರುಗಿದಳು.

"ಸಾರ್, ಕಬಡ್ಡೀಲಿ ಮುಟ್ಟಿಸ್ಕೊಂಡೋರು ತಾನೇ ಔಟ್ ಆಗೋದು?"

"ಹೌದಮ್ಮ," ಎಂದರು ಮೇಷ್ಟ್ರು, ಹುಡುಗಿಗೆ ಆಟದಲ್ಲಿ ಆಸಕ್ತಿ ಬಂತಲ್ಲ ಎಂಬ ಖುಷಿಯಲ್ಲಿ.

"ಅದಕ್ಕೇ ನನ್ನ ಆಚೆ ಕಳಿಸ್ತಿದ್ದೀರ."

ಇದನ್ನು ನಡಾವಳಿಯಲ್ಲಿ ಬರೆಯಬೇಡಿ ಎಂದು ನನಗೆ ಹೇಳಿದರು.

ಮರುದಿನ ಆಟಗಾರರ ಅರ್ಹತಾ ಪತ್ರಗಳು ಟೈಪಿಗೆ ಬಂದವು. ವಿದ್ಯಾರ್ಥಿಯ ಮೇಲೆ ಶಿಸ್ತು ಕ್ರಮವಿದೆಯೇ ಎಂಬುದು ಕೊನೆಯ ಪ್ರಶ್ನೆ. ಅಲ್ಲಿ ಪ್ರತಿ ವರ್ಷ ನನ್ನ ಬೆರಳು ತಾನಾಗಿಯೇ 'ಇಲ್ಲ' ಎಂದು ಹೊಡೆಯುತ್ತಿತ್ತು. ಈ ಸಲ ಚಕ್ರಪಾಣಿಯ ಪತ್ರದಲ್ಲಿ ಸಮಿತಿಯ ತೀರ್ಮಾನವನ್ನು ಒಂದಕ್ಷರ ಬಿಡದೆ ಹೊಡೆದೆ. ಪ್ರಿನ್ಸಿಪಾಲರು ಎಲ್ಲಕ್ಕೂ ಸಹಿ ಹಾಕಿದರು. ಸೀತಮ್ಮನ ಟಿ.ಸಿ.ಯನ್ನು ಮಾತ್ರ ರಿಬ್ಬನ್ ಮುಗಿದಿದೆ ಎಂದು ನಾನು ತಡೆದಿಟ್ಟೆ.

ಮೂರನೇ ದಿನ ಚಕ್ರಪಾಣಿ ದಾವಣಗೆರೆಯಿಂದ ವಾಪಸ್ ಬಂದ. ಆ ವರ್ಷವಿಡೀ ಅವನು ಆಡುವಂತಿಲ್ಲ ಎಂದು ಟೂರ್ನಮೆಂಟಿನವರು ಬರೆದುಕೊಟ್ಟಿದ್ದರು. ಪಿ.ಟಿ. ಮೇಷ್ಟ್ರು ಕೂಗಾಡುತ್ತಾ ಅರ್ಹತಾ ಪತ್ರವನ್ನು ಪ್ರಿನ್ಸಿಪಾಲರ ಮೇಜಿನ ಮೇಲೆ ಹಾಕಿದರು. ಪ್ರಿನ್ಸಿಪಾಲರು ಮೊದಲ ಬಾರಿಗೆ ತಮ್ಮ ಸಹಿಯ ಮೇಲೆ ಏನಿದೆ ಎಂದು ಓದಿದರು. ಓದದೆ ಸಹಿ ಹಾಕಿದೆ ಎನ್ನುವ ಹಾಗಿಲ್ಲವಲ್ಲ. ಶಿಸ್ತಿನ ವಿಷಯದಲ್ಲಿ ನಾನು ಯಾರ ಮುಖವನ್ನೂ ನೋಡುವವನಲ್ಲ ಎಂದು ಮೇಷ್ಟ್ರನ್ನು ಗದರಿಸಿ ಕಳಿಸಿದರು.

ಅದೇ ಹೊತ್ತು ನೋಡಿ ಸೀತಮ್ಮನ ಟಿ.ಸಿ. ಮುಂದಿಟ್ಟೆ. ಅದನ್ನೂ ಓದಿದರು.

"ಈ ಹುಡುಗಿ ಯಾಕೆ ಹೋಗ್ತಿದ್ದಾಳೆ ಈಶ್ವರಮ್ಮ? ಏನು ತಪ್ಪು ಮಾಡಿದ್ಲು?"

"ಮುಟ್ಟಿಸ್ಕೊಂಡ್ಲು ಸಾರ್."

ಟಿ.ಸಿ.ಗೆ ಸಹಿ ಹಾಕದೆ ನನ್ನ ಕಡೆಗೇ ತಳ್ಳಿ, ಪೆನ್ನಿನ ಕ್ಯಾಪು ಮುಚ್ಚಿದರು.