ಕನ್ನಡಿಯಂಥ ಕತ್ತಿ

ನನ್ನ ಗಂಡ ಕೈಗೆತ್ತಿಕೊಂಡ ಯಾವ ಕೆಲಸವನ್ನೂ ಕೆಡಿಸಿದವರಲ್ಲ. ಕೆಡಿಸಬೇಕಾದರೂ ಕೊನೆಯವರೆಗೆ ಹೋಗಬೇಕಲ್ಲ! ಅರ್ಧ ಬಿಚ್ಚಿದ ಗೋಡೆ ಗಡಿಯಾರ, ಅರ್ಧ ಬಣ್ಣ ಕಂಡ ಹಿಂಬಾಗಿಲು, ಅರ್ಧ ಕಲಿತ ಈಜು. ಅವರ ತಂಗಿ, ಅಂದರೆ ನನ್ನ ನಾದಿನಿ, ಅವರನ್ನು ಕರೆಯುತ್ತಿದ್ದುದೇ ‘ಅರ್ಧಣ್ಣ’ ಎಂದು.

ಇಂಥವರ ಕೈಗೆ ಮಾವನವರ ಹಳೆಯ ಕ್ಷೌರದ ಕತ್ತಿ ಸಿಕ್ಕಿತು. ಹಿಡಿಯೊಳಗೆ ಮಡಚಿಕೊಳ್ಳುವ ಅಲಗು, ಅದರ ಮೈತುಂಬ ತುಕ್ಕು. ಬೆರಳು ನಡುಗಲು ಶುರುವಾದ ಮೇಲೆ ಮಾವ ಅದನ್ನು ಮುಟ್ಟಿರಲಿಲ್ಲ.

“ಅಪ್ಪಾ, ಇದನ್ನ ಕನ್ನಡಿ ಮಾಡ್ತೀನಿ. ಆಮೇಲೆ ಇದರಲ್ಲೇ ನಿಮಗೆ ಶೇವ್ ಮಾಡ್ತೀನಿ.”

“ಮಾಡಪ್ಪಾ. ಅಷ್ಟರೊಳಗೆ ಗಡ್ಡ ಮಂಡಿಗೆ ಬಂದಿರುತ್ತೆ,” ಎಂದರು ಮಾವ. ಹಾಗೆಂದರೂ ಮರುದಿನದಿಂದ ಅವರು ಗಡ್ಡ ಹೆರೆಯುವುದನ್ನು ನಿಲ್ಲಿಸಿಬಿಟ್ಟರು. ಮಗನ ಮೇಲೆ ಅಷ್ಟು ನಂಬಿಕೆಯೋ, ಜೀವದ ಮೇಲೆ ಅಷ್ಟು ಬೇಸರವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಊಟದ ಮೇಜು ಕಾರ್ಖಾನೆಯಾಯಿತು. ಅಲಗಿನ ಬಾಯಿಗೆ ಟೇಪು ಸುತ್ತಿ, ಮರದ ತುಂಡಿನ ಮೇಲೆ ಮಲಗಿಸಿ, ಮರಳು ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜುವುದು. ಮೊದಲು ಒರಟು ಕಾಗದ, ಆಮೇಲೆ ಅದಕ್ಕಿಂತ ನಯ, ಆಮೇಲೆ ಇನ್ನೂ ನಯ. ಕಾಗದ ನಯವಾದಷ್ಟೂ ಹಳೆಯ ಗೀರುಗಳು ಎದ್ದು ಕಾಣುತ್ತವೆ. ನೆಂಟರನ್ನು ನಯವಾಗಿ ಮಾತಾಡಿಸಿದಾಗಲೇ ಒಳಗಿದ್ದುದೆಲ್ಲ ಹೊರಬೀಳುವ ಹಾಗೆ. ಒಂದು ಗೀರು ಕಂಡರೂ ಇವರು ಮತ್ತೆ ಒರಟು ಕಾಗದಕ್ಕೆ ಇಳಿಯುತ್ತಿದ್ದರು. ಕಪ್ಪು ಕೆಸರು ಮೇಜಿಗೆ, ಟವೆಲಿಗೆ, ಒಂದು ದಿನ ಸೌಟಿಗೂ ಮೆತ್ತಿಕೊಂಡಿತು.

“ಹುಟ್ಟಿದಾಗಿಂದ ಇವನು ಒಂದು ಕಡೆ ಇಷ್ಟು ಹೊತ್ತು ಕೂತಿದ್ದು ಇದೇ ಮೊದಲು. ಮೇಜು ಹೋದ್ರೆ ಹೋಗ್ಲಿ ಬಿಡೇ,” ಎಂದರು ಅತ್ತೆ.

ಕೆಲಸ ಮುಗಿಯಿತು! ಕೊನೆಗೆ ಪಾಲಿಷ್ ಹಚ್ಚಿ ಬಟ್ಟೆಯಿಂದ ತಿಕ್ಕಿ, ಸಾಣೆಕಲ್ಲಿಗೆ ಕೊಟ್ಟು ಹರಿತ ಮಾಡಿದ್ದೂ ಆಯಿತು. ನಾದಿನಿ ಅದರಲ್ಲೇ ಮುಖ ನೋಡಿಕೊಂಡು ಹುಬ್ಬು ತೀಡಿಕೊಂಡಳು. “ಅರ್ಧಣ್ಣ, ನಿಂಗಿನ್ನು ಬೇರೆ ಹೆಸರು ಹುಡುಕ್ಬೇಕಲ್ಲಪ್ಪಾ!”

ಭಾನುವಾರ ಬೆಳಗ್ಗೆ ಮಾವ ಕೊರಳಿಗೆ ಟವೆಲು ಸುತ್ತಿಕೊಂಡು, ಮುಖಕ್ಕೆಲ್ಲ ನೊರೆ ಬಳಿಸಿಕೊಂಡು ಕಿಟಕಿಯ ಬಳಿ ಕುಳಿತರು. ಇವರು ಕಿಟಕಿಯ ಚಿಲಕಕ್ಕೆ ತೊಗಲಿನ ಪಟ್ಟಿ ಸಿಕ್ಕಿಸಿ, ಕೊನೆಯ ಸಲ ಮಸೆಯಲು ಅದರ ಮೇಲೆ ಅಲಗನ್ನು ಹಿಂದೆ ಮುಂದೆ ಎಳೆಯತೊಡಗಿದರು. ಅತ್ತೆಯ ಎಚ್ಚರಿಕೆ, ನಾದಿನಿಯ ನಗು, ಇವರ ಭಾಷಣ ಎಲ್ಲ ಒಟ್ಟಿಗೇ ನಡೆದಿತ್ತು. ಅದರಡಿಯಲ್ಲಿ ನನಗೆ ಬೇರೆಯದೊಂದು ಕೇಳಿಸಿತು. ಸರ್, ಟಿಕ್. ಸರ್, ಟಿಕ್. ಪದ್ಯ ಓದುವವರು ಪ್ರತಿ ಸಲವೂ ಅದೇ ಅಕ್ಷರದ ಮೇಲೆ ಎಡವಿದ ಹಾಗೆ. ಲೋಹ ಇಡಿಯಾಗಿದ್ದರೆ ದನಿ ಒಡೆಯುವುದಿಲ್ಲ. ಆ ಹೊಳಪಿನಲ್ಲಿ ಎಲ್ಲೋ ಒಂದು ಬಿರುಕಿತ್ತು.

ಹೇಳಿದರೆ, ಗಂಡ ಜೀವಮಾನದಲ್ಲಿ ಮುಗಿಸಿದ ಒಂದೇ ಕೆಲಸ ನನ್ನ ಬಾಯಿಂದ ಹಾಳು. ಹೇಳದಿದ್ದರೆ ಮಾವನ ಕೆನ್ನೆ ಹಾಳು. ದೇವರೇ, ಇಷ್ಟು ಜನರಿರುವ ಮನೆಯಲ್ಲಿ ಕಿವಿಯನ್ನು ನನಗೊಬ್ಬಳಿಗೇ ಯಾಕಪ್ಪಾ ಕೊಟ್ಟೆ?

“ರೀ, ಸ್ವಲ್ಪ ನಿಲ್ಸಿ. ಕತ್ತಿ ಟಿಕ್ ಅಂತಿದೆ.”

ಶಿವಪೂಜೆಯಲ್ಲಿ ಕರಡಿ ಬಿಟ್ಟಂತಾಯಿತು.

“ಟಿಕ್ ಅನ್ನೋಕೆ ಇದೇನು ಗಡಿಯಾರವೇನೇ?” ಎಂದರು ಇವರು.

“ನಮ್ಮನೆ ಗಡಿಯಾರವಂತೂ ಅನ್ನಲ್ಲ,” ಎಂದಳು ನಾದಿನಿ.

“ಒಂದು ಕೆಲಸ ಪೂರ್ತಿಯಾದ್ರೆ ನಿಮಗ್ಯಾರಿಗೂ ಸಹಿಸೋಕಾಗಲ್ಲ, ಅಲ್ವಾ?”

“ಎಲ್ರೂ ಒಂದು ನಿಮಿಷ ಬಾಯಿ ಮುಚ್ಚಿ!” ಎಂದೆ. ಆ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. ಅತ್ತೆಯ ಬಾಯಿ ಮುಚ್ಚುವ ಬದಲು ಇನ್ನೂ ತೆರೆಯಿತು, ಆದರೆ ಸದ್ದು ಹೊರಡಲಿಲ್ಲ.

ಇವರು ನನಗೆ ಬುದ್ಧಿ ಕಲಿಸಲೆಂದೇ ಮತ್ತೊಮ್ಮೆ ಎಳೆದರು. ಸರ್, ಟಿಕ್.

ಇವರ ಮುಖ ಇಳಿಯಿತು. ಅಲಗನ್ನು ಬೆಳಕಿಗೆ ಹಿಡಿದು ಅದರ ಬಾಯಿಯ ಉದ್ದಕ್ಕೂ ಉಗುರನ್ನು ಹಗುರವಾಗಿ ಆಡಿಸಿದರು. ತುದಿಯ ಹತ್ತಿರ ಉಗುರು ನಿಂತಿತು. ಕೂದಲಿಗಿಂತ ತೆಳ್ಳಗಿನ ಗೆರೆಯೊಂದು ಅಂಚಿನಿಂದ ಮೇಲಕ್ಕೆ ಹತ್ತಿತ್ತು.

“ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು,” ಎಂದು ಅತ್ತೆ ದನಿ ಮರಳಿ ಪಡೆದರು. ನಾದಿನಿ ಮಾತ್ರ ಈ ಸಲ ನಗಲಿಲ್ಲ.

ಮಾವ ನೊರೆ ತುಂಬಿದ ಗದ್ದವನ್ನು ಎತ್ತಿ ಹಿಡಿದರು. “ಬಾರೋ. ಒಂದು ಕೆನ್ನೆಯಾದ್ರೂ ಮಾಡು. ಇಷ್ಟು ದಿನ ಕಷ್ಟಪಟ್ಟಿದ್ದೀಯ. ಚೂರು ಗೀರಿದ್ರೆ ನಾನೇನು ಕೂಗಲ್ಲ.”

ಅವರು ತಮಾಷೆ ಮಾಡುತ್ತಿರಲಿಲ್ಲ. ಇವರು ಕತ್ತಿಯನ್ನು ನೋಡಿದರು, ಆ ಕೆನ್ನೆಯನ್ನು ನೋಡಿದರು. ಅಲಗನ್ನು ಮಡಚಿ ಕೆಳಗಿಟ್ಟು, ಟವೆಲಿನ ತುದಿಯಿಂದ ಅಪ್ಪನ ಮುಖದ ನೊರೆಯನ್ನೆಲ್ಲ ಒರೆಸತೊಡಗಿದರು. ಕಿವಿಯ ಹಿಂದಿದ್ದುದನ್ನೂ ಬಿಡಲಿಲ್ಲ.

“ಬಿರುಕು ದಾಟೋವರೆಗೂ ಬಾಯನ್ನ ತೇಯ್ಬೇಕು ಅಪ್ಪಾ. ಹೊಳಪೆಲ್ಲ ಹೋಗುತ್ತೆ.”

“ಮತ್ತೆ?”

“ಹೋಗ್ಲಿ.”

ಎಲ್ಲಕ್ಕಿಂತ ಒರಟಾದ ಸಾಣೆಕಲ್ಲು ಊಟದ ಮೇಜಿಗೆ ಬಂತು. ಇವರು ಅದರ ಮೇಲೆ ನೀರು ಸುರಿದು, ತಮ್ಮ ಕನ್ನಡಿಯನ್ನು ತಾವೇ ಕಲ್ಲಿಗಿಟ್ಟು ಎಳೆದರು. ಮೊದಲ ಎಳೆತಕ್ಕೇ ಅದರ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಇವರು ನಿಲ್ಲಿಸಲಿಲ್ಲ.

ಮಾವ ಕುರ್ಚಿಯನ್ನು ಮಗನ ಪಕ್ಕಕ್ಕೆ ಎಳೆದುಕೊಂಡು ಕುಳಿತರು.

“ಅವಸರ ಮಾಡ್ಬೇಡ,” ಎಂದರು, ಎರಡೂ ಕೈಯಿಂದ ಗಡ್ಡ ಕೆರೆದುಕೊಳ್ಳುತ್ತ. “ನನಗೇನು ತುರಿಕೆ ಇಲ್ಲ.”