ಆಳಿದ್ದರೆ ದುಪ್ಪಟ್ಟು

"ಇದು ಮನುಷ್ಯ ಅಲ್ಲ," ಎಂದ ಅವನು, ದಂಡದ ನೋಟಿಸಿನ ಫೋಟೋದ ಮೇಲೆ ಬೆರಳೂರಿ. "ಕಂಬ. ಕಂಬಕ್ಕೆ ಯಾರೋ ಹೊಳೆಯೋ ಜಾಕೆಟ್ ತೊಡಿಸಿದಾರೆ."

ಟ್ರಾಫಿಕ್ ಕಚೇರಿಯ ಗುಮಾಸ್ತ ತಲೆ ಎತ್ತಲಿಲ್ಲ. ರಸ್ತೆ ಕೆಲಸ ನಡೆಯುವ ಕಡೆ ಜೋರಾಗಿ ಓಡಿಸಿದರೆ ದಂಡ. ಅಲ್ಲಿ ಆಳಿದ್ದರೆ ದಂಡ ದುಪ್ಪಟ್ಟು, ಮೇಲೆ ಆರು ತಿಂಗಳು ಲೈಸೆನ್ಸ್ ಅಮಾನತು. ದಂಡಕ್ಕೆ ಅವನು ಕ್ಯಾರೇ ಅನ್ನುತ್ತಿರಲಿಲ್ಲ. ಆದರೆ ತರ್ಕಶಾಸ್ತ್ರದ ಅಧ್ಯಾಪಕ ಬಸ್ಸಿನಲ್ಲಿ, ತನ್ನದೇ ಪೆದ್ದು ವಿದ್ಯಾರ್ಥಿಗಳ ಕಂಕುಳ ಕೆಳಗೆ ನಿಂತು ಕಾಲೇಜಿಗೆ ಹೋಗುವುದೇ? ಎರಡು ವಾರದಿಂದ ಈ ಯೋಚನೆ ಅವನ ನಿದ್ದೆ ಕೆಡಿಸಿತ್ತು.

"ಊಟಕ್ಕೆ ಹೋಗುವಾಗ ಜಾಕೆಟ್ ಕಂಬಕ್ಕೆ ಹಾಕಿ ಹೋಗ್ತಾರೆ ಈ ರಸ್ತೆ ಕೆಲಸದವ್ರು. ಗಾಡಿಯವ್ರು ಹೆದರ್ಲಿ ಅಂತ. ಎಲ್ಲರಿಗೂ ಗೊತ್ತಿರೋದೇ."

"ಹಾಗಂತ ಅಲ್ಲಿನ ಮೇಸ್ತ್ರಿ ಬರ್ಕೊಡ್ಲಿ ಸಾರ್. ಇವತ್ತು ಐದು ಗಂಟೆ ಒಳಗೆ."

ತಪ್ಪು ಒಪ್ಪಿಕೊಂಡುಬಿಡಿ ಎಂದು ಬೆಳಿಗ್ಗೆ ಹೆಂಡತಿ ಹೇಳಿದ್ದಳು. ಅವಳ ಮಾತಿಗೆ ಉತ್ತರ ಕೊಡುವುದನ್ನು ಅವನು ಬಿಟ್ಟು ವರ್ಷಗಳಾಗಿದ್ದವು.

ಕೆಲಸ ನಡೆಯುವ ಜಾಗಕ್ಕೆ ಹೋಗಿ ಕಾರನ್ನು ರಸ್ತೆಯ ಆಚೆ ನಿಲ್ಲಿಸಿದ. ಮೇಸ್ತ್ರಿ ಕೈ ಅಡ್ಡ ಹಿಡಿದು ಗಾಡಿಗಳನ್ನು ತಡೆದು, ಎರಡು ಸಾಲುಗಳ ನಡುವಿನ ಅಗೆದ ಪಟ್ಟಿಗೆ ಅವನನ್ನು ಕರೆತಂದ. ಫೋಟೋ ನೋಡಿ ನಕ್ಕ.

"ಕಂಬ ಅಲ್ಲ ಸಾರ್. ನಮ್ಮ ಬಾವುಟದವನು."

ಪಕ್ಕದಲ್ಲೇ ಕೆಂಪು ಬಾವುಟ ಹಿಡಿದು ನಿಂತಿದ್ದ ಸಣಕಲು ಆಳು ಬಗ್ಗಿ ನೋಡಿದ. "ನಾನೇ. ಅವತ್ತು ಊಟಕ್ಕೂ ಹೋಗಿರ್ಲಿಲ್ಲ."

"ನೀನು ಅಲ್ಲಾಡ್ಲೇ ಇಲ್ವಲ್ಲಯ್ಯ?"

"ಅಲ್ಲಾಡಿದ್ರೆ ಎತ್ಲಾಗೆ ಹೋಗ್ತೀನೋ ಅಂತ ಗಾಡಿಯವ್ರಿಗೆ ಗಲಿಬಿಲಿ ಸಾರ್. ನಿಂತಲ್ಲೇ ನಿಂತ್ರೆ ತಪ್ಪಿಸ್ಕೊಂಡು ಹೋಗ್ತಾರೆ."

ಅಧ್ಯಾಪಕನಿಗೆ ಹೇಸಿಗೆಯಾಯಿತು. ಇಷ್ಟು ಅಚ್ಚುಕಟ್ಟಾಗಿ ಕಂಬವಾಗುವವನು ತಾನು ಮನುಷ್ಯನೆಂದು ಸಾಕ್ಷಿ ಬೇರೆ ಹೇಳಬೇಕೇ?

ಮೇಸ್ತ್ರಿಯ ಕಡೆ ತಿರುಗಿದ. "ನಿಮ್ಮ ಎಚ್ಚರಿಕೆ ಬೋರ್ಡು ಇರಬೇಕಾದಷ್ಟು ದೂರದಲ್ಲಿಲ್ಲ. ನಾನು ದೂರು ಕೊಟ್ರೆ ಕೆಲಸವೇ ನಿಲ್ಲುತ್ತೆ."

ಮೇಸ್ತ್ರಿಯ ನಗು ಇಳಿಯಿತು. "ಬರ್ಕೊಡ್ತೀನಿ. ಆದ್ರೆ ಆಗ ಇವನು ಜಾಗ ಬಿಟ್ಟು ಹೋಗಿದ್ದ ಅಂತಾಗುತ್ತೆ. ಕೆಲಸದಿಂದ ತೆಗೀಬೇಕಾಗುತ್ತೆ."

"ಅದು ನಿಮ್ಮೊಳಗಿನ ವಿಚಾರ."

ಮೇಸ್ತ್ರಿ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆದ: ಆ ಹೊತ್ತು ಆ ಜಾಗದಲ್ಲಿ ಯಾರೂ ಇರಲಿಲ್ಲ. ಎರಡು ಕಾಗುಣಿತ ತಪ್ಪಿದ್ದವು, ಅವನು ತಿದ್ದಿಸಿದ.

ಆಳು ಎಲ್ಲವನ್ನೂ ಕೇಳಿಸಿಕೊಂಡ. ಜಗಳವಾಡಿದ್ದರೆ ಚೆನ್ನಾಗಿತ್ತು. ಜಾಕೆಟ್ ಬಿಚ್ಚಿ ಅಧ್ಯಾಪಕನ ತೋಳಿಗೆ ನೇತುಹಾಕಿ, "ಯಾರೂ ಇರ್ಲಿಲ್ಲ ಅಂದ್ಮೇಲೆ ಈಗ್ಲೂ ಯಾರೂ ಇಲ್ಲ ಬಿಡಿ," ಎಂದು ಬಾವುಟ ಬಿಸಾಕಿ ನಡೆದ. "ಏ, ನಿಲ್ಲೋ! ಇವತ್ತೊಂದಿನ ನಿಂತು ಹೋಗು ಮಾರಾಯ!" ಎನ್ನುತ್ತ ಮೇಸ್ತ್ರಿ ಅವನ ಹಿಂದೆ ಓಡಿದ.

ಐದಕ್ಕೆ ಇನ್ನು ಇಪ್ಪತ್ತು ನಿಮಿಷ. ಎರಡೂ ಕಡೆ ಗಾಡಿಗಳು ಬಿಡುವಿಲ್ಲದೆ ನುಗ್ಗುತ್ತಿದ್ದವು. ಅಧ್ಯಾಪಕ ಎರಡು ಸಲ ದಾಟಲು ನೋಡಿದ, ಆಗಲಿಲ್ಲ. ಕೊನೆಗೆ, ಕಾಣಿಸಲಿ ಎಂದು ಜಾಕೆಟ್ ತೊಟ್ಟ. ಅದಿನ್ನೂ ಬೆಚ್ಚಗಿತ್ತು.

ಕಾರೊಂದು ಬಂತು. ಓಡಿಸುತ್ತಿದ್ದ ಕನ್ನಡಕದವನು ಓದಿಕೊಂಡವನಂತಿದ್ದ; ನೇರವಾಗಿ ಅಧ್ಯಾಪಕನನ್ನೇ ನೋಡಿದ. ವೇಗ ತಗ್ಗಿಸಲಿಲ್ಲ. ಅಧ್ಯಾಪಕ ಒಂದು ಹೆಜ್ಜೆ ಮುಂದಿಟ್ಟು ಹಿಂದೆ ಸರಿದ. ಕಾರು ತಡಬಡಿಸಿ, ಹಾರ್ನ್ ಬಾರಿಸುತ್ತ ಜಾಕೆಟ್ಟಿನ ಅಂಚು ಸವರಿಕೊಂಡು ಹೋಯಿತು.

ಅದರ ಹಿಂದೆಯೇ ಲಾರಿ ಬರುತ್ತಿತ್ತು. ಅವನು ಕೈಗಳನ್ನು ಮೈಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಅಲ್ಲಾಡದೆ ನಿಂತ.